ಒಳ್ಳೇ ಕಾಗದದ್ದು ಕಲ್ಕತ್ತಾಕ್ಕೆ

ಬುಕ್ ಪೋಸ್ಟಿನ ಕಥೆ ನಿಮಗೆ ಗೊತ್ತೇ ಇದೆ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಪುಸ್ತಕಗಳಿಗಿದ್ದ ಅಗ್ಗದ ರಿಜಿಸ್ಟರ್ಡ್ ಸೇವೆಯನ್ನು ಸದ್ದಿಲ್ಲದೆ ಎತ್ತಿಬಿಟ್ಟಿತು. ಪ್ರಕಾಶಕರು ಬೊಬ್ಬೆ ಹೊಡೆದರು. 2025ರ ಮೇನಲ್ಲಿ ‘ಜ್ಞಾನ ಪೋಸ್ಟ್’ ಅನ್ನುವ ಅಗ್ಗದ ಪುಸ್ತಕ ಸೇವೆ ಬಂತು. ಹೆಸರೇನೋ ಚೆನ್ನಾಗಿದೆ. ವ್ಯಾಪಾರದ ಪುಸ್ತಕಕ್ಕೆ ಮಾತ್ರ ಅದು ನಡೆಯುವುದಿಲ್ಲ. ಕನ್ನಡದಲ್ಲಿ ಪುಸ್ತಕ ಹಾಕುವುದನ್ನೂ ಸರ್ಕಾರ ವ್ಯಾಪಾರ ಅಂತ ನಂಬಿದೆಯಲ್ಲ, ಅದೇ ಸಂತೋಷ.

ಇದೇ ಸರ್ಕಾರದ್ದು 1954ರ ಕಾನೂನು ಒಂದಿದೆ. ಪುಸ್ತಕ ಹೊರಬಂದ 30 ದಿನದೊಳಗೆ ಪ್ರಕಾಶಕ ತನ್ನ ಖರ್ಚಿನಲ್ಲೇ ಒಂದು ಪ್ರತಿಯನ್ನು ಕಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಮುಟ್ಟಿಸಬೇಕು. ಇನ್ನು ಮೂರು ಪ್ರತಿ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ. ಒಂದು ಇಲಾಖೆ ‘ಕಳಿಸು’ ಅನ್ನುತ್ತದೆ, ಇನ್ನೊಂದು ‘ಅದು ಹೇಗೆ ಕಳಿಸ್ತೀಯೋ ನೋಡೇಬಿಡ್ತೀನಿ’ ಅನ್ನುತ್ತದೆ.

ಕಾನೂನು ಓದೋಕೆ ಬಲು ಮಜವಾಗಿದೆ. ಕಲ್ಕತ್ತಾಕ್ಕೆ ಹೋಗುವ ಪ್ರತಿ ಇದ್ದುದರಲ್ಲೇ ಅತ್ಯುತ್ತಮ ಕಾಗದದ್ದಾಗಿರಬೇಕು. ಹೊಲಿಗೆ, ಬೈಂಡಿಂಗು, ನಕ್ಷೆ, ಚಿತ್ರ, ಬಣ್ಣ ಒಂದೂ ಕಮ್ಮಿಯಾಗುವಂತಿಲ್ಲ. ಮಿಕ್ಕ ಮೂರಕ್ಕೆ ಮಾಮೂಲಿ ಕಾಗದ ಸಾಕು. ಒಂದೇ ಪಂಕ್ತಿಯಲ್ಲಿ ಒಬ್ಬರಿಗೆ ತುಪ್ಪ, ಮೂವರಿಗೆ ನೀರು ಮಜ್ಜಿಗೆ. ಐನೂರು ಪ್ರತಿ ಅಚ್ಚು ಹಾಕಿಸೋಕೇ ಕೈ ನಡುಗುವ ನಮ್ಮ ಪ್ರಕಾಶಕನ ಹತ್ತಿರ ಎರಡು ಥರದ ಕಾಗದ ಎಲ್ಲಿಂದ ಬರಬೇಕು?

ಕಳಿಸದಿದ್ದರೆ? 1954ರ ಮಹನೀಯರು ಅದನ್ನೂ ಯೋಚಿಸಿದ್ದರು. 50 ರೂಪಾಯಿವರೆಗೆ ದಂಡ, ಜೊತೆಗೆ ಪುಸ್ತಕದ ಬೆಲೆ. ಆದರೆ ಯಾರೆಂದರೆ ಅವರು ದೂರು ಕೊಡುವಂತಿಲ್ಲ. ಕೇಂದ್ರ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯೇ ಕೊಡಬೇಕು. ವಿಚಾರಣೆಯನ್ನೂ ಮೊದಲ ದರ್ಜೆ ಮ್ಯಾಜಿಸ್ಟ್ರೇಟರಿಗಿಂತ ಕೆಳಗಿನವರು ಮಾಡುವಂತಿಲ್ಲ. ಐವತ್ತು ರೂಪಾಯಿಗೆ ಇವತ್ತು ಬೆಂಗಳೂರಿನಲ್ಲಿ ಮಸಾಲೆ ದೋಸೆ ಹುಡುಕಬೇಕು, ಮ್ಯಾಜಿಸ್ಟ್ರೇಟರು ಮಾತ್ರ ಸಿಗುತ್ತಾರೆ.

ಹಾಗಂತ ಗ್ರಂಥಾಲಯದ ಗತ್ತಿಗೆ ಏನೂ ಕಮ್ಮಿಯಿಲ್ಲ. ಅಲಿಪುರದಲ್ಲಿ 30 ಎಕರೆ, ನಡುವೆ ಬೆಲ್ವೆಡೇರ್ ಬಂಗಲೆ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮತ್ತು ಅವನದೇ ಆಡಳಿತ ಮಂಡಳಿಯ ಸದಸ್ಯ ಫಿಲಿಪ್ ಫ್ರಾನ್ಸಿಸ್ 1780ರಲ್ಲಿ ಪಿಸ್ತೂಲು ಹಿಡಿದು ದ್ವಂದ್ವಯುದ್ಧ ಆಡಿದ್ದು ಅದರ ಆಸುಪಾಸಿನಲ್ಲೇ. ಗುಂಡೇಟು ತಿಂದವನು ಫ್ರಾನ್ಸಿಸ್. ಇಂಥ ಜಾಗದಲ್ಲಿ ದೆವ್ವದ ಕಥೆ ಹುಟ್ಟದೆ ಇರುತ್ತದಾ? 2010ರಲ್ಲಿ ಪುರಾತತ್ವ ಇಲಾಖೆಯವರು ದುರಸ್ತಿಗೆ ಬಂದಾಗ ನೆಲಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತು. ಬಾಗಿಲಿಲ್ಲ, ಕಿಟಕಿಯಿಲ್ಲ. ಪತ್ರಿಕೆಗಳಿಗೆ ಹಬ್ಬ. ನಿಧಿ ಅಂದರು, ಚಿತ್ರಹಿಂಸೆಯ ಕೋಣೆ ಅಂದರು. ಕೊನೆಗೆ ನೋಡಿದರೆ ಒಳಗೆ ಬರೀ ಮಣ್ಣು, ಕಟ್ಟಡಕ್ಕೆ ಆಸರೆಯಾಗಿ ತುಂಬಿದ್ದು. ಅಲ್ಲಿ ಲಕ್ಷಗಟ್ಟಲೆ ಪುಸ್ತಕ ಇವೆ. ಅವುಗಳೊಳಗೆ ಏನಿದೆ ಅಂತ ದೇಶ ಇಷ್ಟು ಕುತೂಹಲದಿಂದ ಯಾವತ್ತಾದರೂ ಕೇಳಿದ್ದುಂಟಾ?

ಆ ಕಾನೂನನ್ನು ಮತ್ತೊಮ್ಮೆ ನೋಡಿ. ಪ್ರಕಾಶಕ ಇದ್ದಾನೆ, ಮ್ಯಾಜಿಸ್ಟ್ರೇಟರಿದ್ದಾರೆ, ಪುಸ್ತಕ ತಲುಪಿದ್ದಕ್ಕೆ ಕೊಡಬೇಕಾದ ರಸೀದಿಯೂ ಇದೆ. ಓದುಗ ಎಲ್ಲಿ? ಪುಸ್ತಕ ಬಂದ ಎಷ್ಟು ದಿನಕ್ಕೆ ಕ್ಯಾಟಲಾಗಿಗೆ ಸೇರಬೇಕು, ಶಿರಸಿಯ ಹುಡುಗಿಯೊಬ್ಬಳು ಅದನ್ನು ಹೇಗೆ ತರಿಸಿಕೊಳ್ಳಬೇಕು, ಒಂದಕ್ಷರ ಇಲ್ಲ. ಈ ಕಾನೂನಿನಡಿ ಕನ್ನಡ ಪುಸ್ತಕಗಳನ್ನು ಬಿಟ್ಟಿಯಾಗಿ ತರಿಸಿಕೊಳ್ಳುವ ನಾಲ್ಕು ಊರಲ್ಲಿ ಒಂದೂ ಕರ್ನಾಟಕದ್ದಲ್ಲ. ಇದನ್ನು ನಗುತ್ತಾ ಬರೆಯೋಣ ಅಂತಲೇ ಕೂತೆ. ಆದರೆ ನಿಜ ಹೇಳಬೇಕೆಂದರೆ ಸಿಟ್ಟು ಬರುತ್ತದೆ. ತಗೊಳ್ಳೋದಕ್ಕೆ ಇಷ್ಟೆಲ್ಲ ಕಟ್ಟುನಿಟ್ಟು, ಓದಿಸೋದಕ್ಕೆ ಮಾತ್ರ ಯಾವ ಗಡುವೂ ಇಲ್ಲ.

ಸುಧಾರಣೆ ಮಾಡುತ್ತೇವೆ ಅನ್ನುವವರಿಗೆ ಒಂದು ಅರ್ಜಿ. ನಾವು ಕಳಿಸಿದ ಪುಸ್ತಕ 30 ದಿನದೊಳಗೆ ಓದುಗನ ಕೈಗೆ ಸಿಗುವಂತಾಗದಿದ್ದರೆ ನಿಮಗೂ 50 ರೂಪಾಯಿ ದಂಡ ಇರಲಿ. ಮ್ಯಾಜಿಸ್ಟ್ರೇಟರು ಹೇಗೂ ಖಾಲಿ ಕೂತಿದ್ದಾರೆ.