ನಂಬಿಕೆಗೆ ಮೂವತ್ತು ದಿನಗಳ ನೋಟಿಸು

ದೇವರನ್ನು ನಂಬುವುದೂ ಬಿಡುವುದೂ ಅವರವರ ಸ್ವಂತ ವಿಚಾರವೆಂಬ ಮಾತಿಗೆ ನಮ್ಮಲ್ಲಿ ವಿರೋಧಿಗಳೇ ಇಲ್ಲ. ಸಭೆಯಲ್ಲಿ ಮಠಾಧೀಶರು ಹಾಗೆಂದು ಆಶೀರ್ವಚನ ನೀಡುತ್ತಾರೆ, ಪಕ್ಕದ ಕುರ್ಚಿಯ ಶಾಸಕರು ತಲೆದೂಗುತ್ತಾರೆ, ಕೊನೆಯ ಸಾಲಿನಲ್ಲಿ ಕುಳಿತ ವಿಚಾರವಾದಿಯೂ ಚಪ್ಪಾಳೆ ತಟ್ಟುತ್ತಾನೆ. ಸಂವಿಧಾನದ 25ನೆಯ ವಿಧಿಯಂತೂ ಧರ್ಮದ ಮಾತೆತ್ತುವ ಮೊದಲೇ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಹೇಳಿ ಮುಗಿಸುತ್ತದೆ. ಇಷ್ಟೊಂದು ಒಮ್ಮತವಿರುವ ವಿಚಾರವನ್ನು ಜನರ ಕೈಯಲ್ಲೇ ಬಿಟ್ಟರೆ ಹಾಳಾದೀತೆಂಬ ಕಾಳಜಿಯಿಂದಲೇ ಇರಬೇಕು, ನಮ್ಮ ರಾಜ್ಯ 2022ರಲ್ಲಿ ಅದನ್ನು ಜಿಲ್ಲಾಧಿಕಾರಿಗಳ ಕಚೇರಿಯ ನೋಟಿಸ್ ಬೋರ್ಡಿಗೆ ಏರಿಸಿತು.

ಆ ವರ್ಷ ಜಾರಿಗೆ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮದ ಪ್ರಕಾರ, ಮತಾಂತರವಾಗಬಯಸುವವನು ಕನಿಷ್ಠ 30 ದಿನ ಮುಂಚಿತವಾಗಿ ನಮೂನೆ-1ರಲ್ಲಿ ಜಿಲ್ಲಾಧಿಕಾರಿಗೆ ಘೋಷಣೆ ಸಲ್ಲಿಸಬೇಕು. ಮತಾಂತರ ಮಾಡಿಸುವವರಿಗೆ ನಮೂನೆ-2 ಇದೆ. ಘೋಷಣೆಯನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲೂ ತಹಶೀಲ್ದಾರರ ಕಚೇರಿಯಲ್ಲೂ ಅಂಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಲಾಗುತ್ತದೆ. ಆಕ್ಷೇಪಣೆ ಬಂದರೆ ಕಂದಾಯ ಇಲಾಖೆಯವರೋ ಸಮಾಜ ಕಲ್ಯಾಣ ಇಲಾಖೆಯವರೋ ಅರ್ಜಿದಾರನ ನಿಜವಾದ ಉದ್ದೇಶವೇನೆಂದು ವಿಚಾರಣೆ ನಡೆಸುತ್ತಾರೆ. ಎಲ್ಲವೂ ಸುಸೂತ್ರವಾಗಿ ಮುಗಿದ ಮೇಲೆ ನಮೂನೆ-3 ತುಂಬಿ, ಮತ್ತೆ ಖುದ್ದಾಗಿ ಹಾಜರಾಗಿ, ತಾನು ತಾನೇ ಎಂದು ದೃಢಪಡಿಸಬೇಕು. ಹೊಸ ಧರ್ಮ ಸೇರಿದವನು ಹೊಸ ಮನುಷ್ಯನಾದನೆಂದು ಗುರುಗಳು ಹೇಳಿದ್ದರೂ, ಕಚೇರಿಗೆ ಹಳೆಯ ಮನುಷ್ಯನೇ ಬೇಕು.

ಜಮೀನಿನ ಖಾತೆ ಬದಲಾವಣೆಯಲ್ಲಿ ನುರಿತ ಇಲಾಖೆಗೆ ಆತ್ಮದ ಖಾತೆಯನ್ನೂ ವಹಿಸಿಕೊಟ್ಟದ್ದರಲ್ಲಿ ಒಂದು ತರ್ಕವಿದೆ. ಜಮೀನಾದರೆ ಸರ್ವೆಯವರು ಬಂದು ಸರಪಳಿ ಹಿಡಿದು ಅಳೆದಾರು. ದೇವರ ಮೇಲಿನ ನಂಬಿಕೆ ಯಾವ ರಾತ್ರಿ ಎಷ್ಟು ಗಂಟೆಗೆ ಹೊರಟುಹೋಯಿತು, ಬೇರೊಂದು ಯಾವಾಗ ಬಂದು ಕುಳಿತಿತು ಎಂಬುದಕ್ಕೆ ಮಹಜರು ಮಾಡುವ ಬಗೆಯನ್ನು ಮಾತ್ರ ಯಾವ ತರಬೇತಿ ಕೇಂದ್ರವೂ ಕಲಿಸಿದಂತಿಲ್ಲ. ನಂಬಿಕೆ ಬದಲಾದವನಿಗೇ ಅದು ತಿಳಿಯುವುದು ತಡವಾಗಿ. ಹೀಗಿರುವಾಗ ಮೂವತ್ತು ದಿನ ಮೊದಲೇ ತಿಳಿಸಬೇಕೆಂದರೆ, ಇನ್ನೂ ನಂಬದಿರುವುದನ್ನು ಮುಂದಿನ ತಿಂಗಳ ಇಂಥ ತಾರೀಕಿನಿಂದ ನಂಬಲಿದ್ದೇನೆಂದು ಬರೆದುಕೊಡುವ ದೂರದೃಷ್ಟಿ ಬೇಕು. ಹಿಮಾಚಲ ಪ್ರದೇಶದ ಕಾನೂನಿನಲ್ಲಿದ್ದ ಇಂಥದೇ 30 ದಿನಗಳ ನಿಯಮವನ್ನು ಅಲ್ಲಿನ ಹೈಕೋರ್ಟ್ 2012ರಲ್ಲೇ ಹೊಡೆದುಹಾಕಿತ್ತು. ಆ ತೀರ್ಪು ಬಂದು ಹತ್ತು ವರ್ಷಗಳಾದ ಮೇಲೆ ನಾವು ಅದೇ 30 ದಿನಗಳನ್ನು ಹೊಸದಾಗಿ ಕಂಡುಹಿಡಿದೆವು.

ಕಾನೂನಿನ ಲೆಕ್ಕಾಚಾರವೂ ಮೆಚ್ಚುವಂಥದ್ದು. ಅದರಲ್ಲಿ ಸಾಮೂಹಿಕ ಮತಾಂತರವೆಂದರೆ ಇಬ್ಬರು ಅಥವಾ ಅದಕ್ಕಿಂತ ಹೆಚ್ಚು ಜನರ ಮತಾಂತರ. ಗಂಡ ಹೆಂಡತಿ ಊಟ ಮುಗಿಸಿ ಕುಳಿತು ಒಟ್ಟಿಗೆ ಮನಸ್ಸು ಬದಲಿಸಿದರೆ ಅದು ಸಮೂಹ. ಅಕ್ರಮವೆಂದು ತೀರ್ಮಾನವಾದರೆ ಮಾಡಿಸಿದವರಿಗೆ 3ರಿಂದ 10 ವರ್ಷ ಸೆರೆ, ಒಂದು ಲಕ್ಷ ರೂಪಾಯಿ ದಂಡ. ದಾಂಪತ್ಯದಲ್ಲಿ ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬರುವುದು ಎಷ್ಟು ಅಪರೂಪವೆಂದು ಬಲ್ಲ ಶಾಸಕರೇ ಈ ಕಲಮನ್ನು ಬರೆದಿರಬೇಕು. ಹೊಯ್ಸಳರ ಬಿಟ್ಟಿದೇವ ಈ ವಿಷಯದಲ್ಲಿ ಜಾಣ. ಜೈನನಾಗಿದ್ದವನು ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನೆನಿಸಿದನೆಂದು ಸಂಪ್ರದಾಯ ಹೇಳುತ್ತದೆ. ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು. ಹೀಗಾಗಿ ಅರಮನೆಯಲ್ಲಿ ಸಾಮೂಹಿಕ ಮತಾಂತರ ನಡೆಯಲಿಲ್ಲ. ಆದರೆ ರಾಜಕುಮಾರಿಯ ಪಿಶಾಚಬಾಧೆಯನ್ನು ಆಚಾರ್ಯರು ಬಿಡಿಸಿದರೆಂಬ ಐತಿಹ್ಯವೊಂದಿದೆಯಲ್ಲ, ಅದು ಮಾತ್ರ ಇಂದಿನ ತನಿಖಾಧಿಕಾರಿಯ ಕಣ್ಣಿಗೆ ಬಿದ್ದಿದ್ದರೆ ಆಮಿಷದ ಪ್ರಕರಣವಾಗಿ, 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ಇನ್ನೂ ಆಕ್ಷೇಪಣೆಯ ವಿಲೇವಾರಿಗಾಗಿ ಕಾಯುತ್ತಿದ್ದ.

ಅಂಬೇಡ್ಕರರು ನೋಟಿಸಿನ ವಿಚಾರದಲ್ಲಿ ಉದಾರಿಗಳಾಗಿದ್ದರು. ಹಿಂದೂವಾಗಿ ಸಾಯುವುದಿಲ್ಲವೆಂದು 1935ರಲ್ಲಿ ಯೇವಲಾದಲ್ಲಿ ಸಾರಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ನಡುವಿನ 21 ವರ್ಷ ಓದಿದರು, ವಾದಿಸಿದರು, ಧರ್ಮಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಸ್ವಂತ ಆಯ್ಕೆಯೆಂದು ಎದೆ ತಟ್ಟಿ ಹೇಳಬಹುದಾದ ಮತಾಂತರ ಈ ದೇಶದಲ್ಲಿ ಒಂದಾದರೂ ಇದ್ದರೆ ಅದು ಇದೇ. ನಮ್ಮ ಕಾನೂನಿನ ಅಳತೆಗೆ ಹಿಡಿದರೆ ನಮೂನೆ-1 ಇಲ್ಲದ ಬೃಹತ್ ಸಾಮೂಹಿಕ ಪ್ರಕರಣವೂ ಇದೇ.

ಇಷ್ಟಾದರೂ ಈ ಕಾನೂನಿನ ಆಮಿಷದ ವ್ಯಾಖ್ಯಾನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ನನ್ನ ತಕರಾರಿರುವುದು ಅದನ್ನು ಅರ್ಧಕ್ಕೇ ಬಿಟ್ಟದ್ದಕ್ಕೆ. ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಭರವಸೆ, ಉತ್ತಮ ಜೀವನಶೈಲಿ, ದೈವದ ಅವಕೃಪೆ, ಒಂದು ಧರ್ಮವನ್ನು ಇನ್ನೊಂದರ ಎದುರು ಹೊಗಳುವುದು, ಇವೆಲ್ಲ ಆಮಿಷ. ಈ ಪಟ್ಟಿಯನ್ನು ಓದುತ್ತ ಹೋದರೆ ಮತಾಂತರವಾದವರಿಗಿಂತ ಹುಟ್ಟಿದ ಧರ್ಮದಲ್ಲೇ ಉಳಿದವರ ಮುಖಗಳೇ ಕಣ್ಣಮುಂದೆ ಸಾಲುಗಟ್ಟುತ್ತವೆ. ಸಂಜೆ ದೀಪದ ಮುಂದೆ ಕೈಮುಗಿಯದಿದ್ದರೆ ದೇವರು ಕಣ್ಣು ಕೀಳುತ್ತಾನೆಂದು ಮೂರು ವರ್ಷದ ಮೊಮ್ಮಗನಿಗೆ ಹೇಳಿದ ಅಜ್ಜಿ ದೈವದ ಅವಕೃಪೆಯ ಭಯ ಹುಟ್ಟಿಸಿದ್ದಾಳೆ, ಅದೂ ಅಪ್ರಾಪ್ತನಿಗೆ. ಮಂಗಳಾರತಿಯವರೆಗೆ ಕುಳಿತವರಿಗಷ್ಟೇ ಪುಳಿಯೋಗರೆಯೆಂದರೆ ಅದು ಉಡುಗೊರೆ. ನಮ್ಮವರಲ್ಲೇ ಆದರೆ ಮದುವೆ, ಇಲ್ಲವಾದರೆ ಮನೆಯ ಹೊಸ್ತಿಲು ತುಳಿಯಬೇಡವೆಂದ ಅಪ್ಪ ಮದುವೆಯ ಭರವಸೆಯನ್ನೂ ಆಸ್ತಿಯ ಆಮಿಷವನ್ನೂ ಒಂದೇ ವಾಕ್ಯದಲ್ಲಿ ಒಡ್ಡಿದ್ದಾನೆ. ಸಮುದಾಯದ ಹಾಸ್ಟೆಲು, ಮಠದ ಕಾಲೇಜಿನ ಸೀಟು, ಚರ್ಚಿನ ಶಾಲೆಯ ನೌಕರಿ, ಮಸೀದಿಯ ಸಮಿತಿಯ ಸದಸ್ಯತ್ವ, ಇವುಗಳ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಆದ್ದರಿಂದ ನಮೂನೆ-4ನ್ನು ಸೇರಿಸಬೇಕೆಂಬುದು ನನ್ನ ವಿನಮ್ರ ಸಲಹೆ. ಹದಿನೆಂಟು ತುಂಬಿದ ಪ್ರತಿಯೊಬ್ಬರೂ ತಾವು ಹುಟ್ಟಿದ ಧರ್ಮದಲ್ಲೇ ಮುಂದುವರಿಯಲು ಬಯಸಿದಲ್ಲಿ 30 ದಿನ ಮುಂಚಿತವಾಗಿ ಘೋಷಣೆ ಸಲ್ಲಿಸಲಿ; ತಹಶೀಲ್ದಾರರು ಅದನ್ನು ಬೋರ್ಡಿಗೆ ಹಚ್ಚಲಿ. ಈಗಿನ ಕಾನೂನು ಮತಾಂತರವಾದವನ ತಂದೆ, ತಾಯಿ, ಒಡಹುಟ್ಟಿದವರು, ನೆಂಟರು ಮಾತ್ರವಲ್ಲದೆ ಸಹೋದ್ಯೋಗಿಗೂ ದೂರು ಕೊಡುವ ಅಧಿಕಾರ ನೀಡಿದೆ. ಪಕ್ಕದ ಮೇಜಿನ ಗುಮಾಸ್ತರು, ಈತ ಏಕಾದಶಿಯ ದಿನವೂ ಕ್ಯಾಂಟೀನಿನಲ್ಲಿ ಮಸಾಲೆದೋಸೆ ತಿಂದದ್ದನ್ನು ಕಂಡಿದ್ದೇನೆ, ಇವನ ಭಕ್ತಿಯಲ್ಲಿ ನೈಜ ಉದ್ದೇಶ ಕಾಣುತ್ತಿಲ್ಲ ಎಂದು ಆಕ್ಷೇಪಣೆ ಸಲ್ಲಿಸಲಿ. ಆಮಿಷ ಒಡ್ಡಿಲ್ಲವೆಂದು ರುಜುವಾತು ಮಾಡುವ ಹೊಣೆ ಆರೋಪಿಯದೇ ಎಂದು ಕಾನೂನು ಈಗಾಗಲೇ ಹೇಳಿರುವುದರಿಂದ, ಅಜ್ಜಿ ಒಬ್ಬ ಒಳ್ಳೆಯ ವಕೀಲರನ್ನು ನೋಡಿಕೊಳ್ಳುವುದು ಕ್ಷೇಮ.

ನಾಸ್ತಿಕರಿಗೆ ಇದರಲ್ಲಿ ಸಂತೋಷಪಡಲು ಕಾರಣವುಂಟು. ಕಾನೂನಿನ ದೃಷ್ಟಿಯಲ್ಲಿ ಮತಾಂತರವೆಂದರೆ ಸ್ವಂತ ಧರ್ಮವನ್ನು ತ್ಯಜಿಸಿ ಇನ್ನೊಂದನ್ನು ಸ್ವೀಕರಿಸುವುದು. ತ್ಯಜಿಸಿ ಸುಮ್ಮನೆ ಕುಳಿತವನಿಗೆ ನಮೂನೆಯೇ ಇಲ್ಲ. ಒಬ್ಬ ದೇವರನ್ನು ಬಿಟ್ಟು ಇನ್ನೊಬ್ಬನ ಬಳಿ ಹೋದರೆ ಶಾಂತಿಭಂಗ, ಎಲ್ಲ ದೇವರನ್ನೂ ಒಟ್ಟಿಗೆ ಕೈಬಿಟ್ಟರೆ ಸರ್ಕಾರಕ್ಕೆ ಅಭ್ಯಂತರವಿಲ್ಲ. ಸೋಮವಾರ ನಾಸ್ತಿಕನಾಗಿ ಮಂಗಳವಾರ ಬೇರೆ ಧರ್ಮ ಸೇರಿದರೆ ತ್ಯಜಿಸಲು ಸ್ವಂತ ಧರ್ಮವೇ ಇರುವುದಿಲ್ಲವಾದ್ದರಿಂದ, ನಾಸ್ತಿಕತೆಯನ್ನು ಬೈಪಾಸ್ ರಸ್ತೆಯಾಗಿಯೂ ಬಳಸಬಹುದೆಂದು ನನಗೆ ತೋರುತ್ತದೆ, ವಕೀಲರು ಒಪ್ಪಲಿಕ್ಕಿಲ್ಲ.

ಅವರು ಒಪ್ಪದಿರಲು ಕಾರಣ 1955ರ ಹಿಂದೂ ವಿವಾಹ ಕಾಯ್ದೆ. ವೀರಶೈವ, ಲಿಂಗಾಯತ, ಬ್ರಹ್ಮಸಮಾಜ, ಪ್ರಾರ್ಥನಾಸಮಾಜ, ಆರ್ಯಸಮಾಜಗಳನ್ನು ಹೆಸರಿಟ್ಟು ಕರೆದು, ಬೌದ್ಧರನ್ನೂ ಜೈನರನ್ನೂ ಸಿಖ್ಖರನ್ನೂ ಸೇರಿಸಿಕೊಂಡು, ಅಷ್ಟಕ್ಕೂ ಸಮಾಧಾನವಾಗದೆ, ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದವರಿಗೂ ಅದು ಅನ್ವಯಿಸುತ್ತದೆ. ದೇವರಿಲ್ಲವೆಂದು ನಲವತ್ತು ವರ್ಷ ಭಾಷಣ ಮಾಡಿದವನೂ ಹೆಂಡತಿಯೊಡನೆ ಜಗಳವಾಡಿ ನ್ಯಾಯಾಲಯದ ಮೆಟ್ಟಿಲೇರಿದರೆ ಅಲ್ಲಿ ಹಿಂದೂ ಕಾಯ್ದೆಯೇ ಅವನಿಗಾಗಿ ಕಾದಿರುತ್ತದೆ. ಬ್ರಿಟಿಷರ ಕಾಲದಲ್ಲಿ ಇದು ತಿರುಗಾಮುರುಗಾ ಆಗಿತ್ತು: 1872ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಾದರೆ ವಧೂವರರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಬೌದ್ಧ, ಸಿಖ್, ಜೈನ ಯಾವುದೂ ಅಲ್ಲವೆಂದು ಘೋಷಿಸಬೇಕಿತ್ತು. ಅಂದು ಪ್ರೀತಿಗಾಗಿ ದೇವರನ್ನು ಕಾಗದದ ಮೇಲೆ ಬಿಟ್ಟವರೆಷ್ಟೋ. ಇಂದು ಕೇರಳದ ಮಹಿಳೆಯೊಬ್ಬರು, ಹುಟ್ಟಿನಿಂದ ಮುಸ್ಲಿಮಳಾದರೂ ನಂಬಿಕೆ ಉಳಿದಿಲ್ಲ, ಆಸ್ತಿಯ ಹಂಚಿಕೆಗೆ ಷರಿಯತ್ತಿನ ಬದಲು ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸಲಿ ಎಂದು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಗಿದೆ. ಧರ್ಮವಿಲ್ಲವೆಂದು ಗೆಜೆಟ್ಟಿನಲ್ಲಿ ಪ್ರಕಟಿಸಿರೆಂದು ಕೇಳಿದವರಿಗೆ ಮಹಾರಾಷ್ಟ್ರದ ಸರ್ಕಾರಿ ಮುದ್ರಣಾಲಯ ಆಗದೆಂದಿತ್ತು. ಧರ್ಮ ಹೇಳೆಂದು ಯಾರನ್ನೂ ಸರ್ಕಾರ ಒತ್ತಾಯಿಸುವಂತಿಲ್ಲವೆಂದು 2014ರಲ್ಲಿ ಬಾಂಬೆ ಹೈಕೋರ್ಟ್ ಹೇಳಬೇಕಾಯಿತು. ಹಾಗೆ ಕೇಳಿದ್ದವರು ನಾಸ್ತಿಕರಲ್ಲ, ಕ್ರಿಸ್ತನನ್ನು ನಂಬುತ್ತೇವೆ ಆದರೆ ಕ್ರೈಸ್ತ ಧರ್ಮ ನಮಗೆ ಬೇಡವೆಂದವರು ಎಂಬುದು ಕೇಳಿದರೆ ನಮ್ಮ ಕಂದಾಯ ನಿರೀಕ್ಷಕರು ದೀರ್ಘ ರಜೆಗೆ ಅರ್ಜಿ ಹಾಕಿಯಾರು.

ಪರಿಶಿಷ್ಟ ಜಾತಿಯವರಿಗಂತೂ ಈ ಸ್ವಂತ ಆಯ್ಕೆಗೆ ಬೆಲೆಪಟ್ಟಿಯೇ ಇದೆ. 1950ರ ರಾಷ್ಟ್ರಪತಿ ಆದೇಶದಂತೆ ಆ ಸ್ಥಾನಮಾನ ಮೊದಲು ಬಹುಮಟ್ಟಿಗೆ ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ಕ್ರೈಸ್ತನಾದರೆ ಮೀಸಲಾತಿ ಹೋಗುತ್ತದೆ, ಅಸ್ಪೃಶ್ಯತೆ ಹೋಗುತ್ತದೆಂಬ ಖಾತರಿಯಿಲ್ಲ. ಹೋಗಬೇಡ, ಇಲ್ಲೇ ಇದ್ದರೆ ಸವಲತ್ತು ಸಿಗುತ್ತದೆ ಎನ್ನುವುದು ಮೇಲಿನ ಪಟ್ಟಿಯಲ್ಲಿ ಯಾವ ಕಲಮಿನಡಿ ಬರುತ್ತದೆಂದು ಕೇಳುವ ಧೈರ್ಯ ನನಗಿಲ್ಲ.

2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಈ ಕಾನೂನನ್ನು ಹಿಂಪಡೆಯಲು ತೀರ್ಮಾನಿಸಿತು. ಸಂಪುಟದ ತೀರ್ಮಾನವೂ ಒಂದು ಬಗೆಯ ಘೋಷಣೆಯೇ ಆದ್ದರಿಂದ, ಅದನ್ನೂ ವಿಧಾನಸೌಧದ ಬೋರ್ಡಿಗೆ ಮೂವತ್ತು ದಿನ ಅಂಟಿಸಿ, ನಿಜವಾದ ಉದ್ದೇಶವಿತ್ತೇ ಎಂದು ತಹಶೀಲ್ದಾರರಿಂದ ಒಂದು ವರದಿ ತರಿಸಿಕೊಳ್ಳಬಹುದು.