ಪರ–ವಿರೋಧ: ಗರ್ಭಪಾತದ ಡಾಕ್ಟರನ್ನು ಕೊಂದವನು ಭಯೋತ್ಪಾದಕನೇ?

ಪರ: ಮುಖ ನೋಡಿ ಮಣೆ ಹಾಕುವುದು ಸಾಕು

2009ರ ಮೇ 31, ಭಾನುವಾರ. ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರ. ಡಾ. ಜಾರ್ಜ್ ಟಿಲ್ಲರ್ ತಮ್ಮ ಚರ್ಚಿಗೆ ಬಂದವರನ್ನು ಬರಮಾಡಿಕೊಳ್ಳುತ್ತಿದ್ದರು. ಸ್ಕಾಟ್ ರೋಡರ್ ಎಂಬವನು ಹತ್ತಿರ ಬಂದು ಅವರ ತಲೆಗೆ ಗುಂಡಿಟ್ಟ. ಟಿಲ್ಲರ್ ಗರ್ಭಪಾತ ಮಾಡುತ್ತಾರೆ ಎನ್ನುವುದೇ ಕಾರಣ. ಮರುದಿನ ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ, ಸೇನಾ ನೇಮಕಾತಿ ಕಚೇರಿಯ ಹೊರಗೆ ನಿಂತಿದ್ದ ಇಬ್ಬರು ಸೈನಿಕರ ಮೇಲೆ ಇನ್ನೊಬ್ಬ ಗುಂಡು ಹಾರಿಸಿದ. ಒಬ್ಬರು ಸತ್ತರು. ಇವನು ಇಸ್ಲಾಂಗೆ ಮತಾಂತರವಾದವನು. ಕೊಲೆಯ ಜೊತೆಗೆ ಭಯೋತ್ಪಾದಕ ಕೃತ್ಯದ ಆರೋಪವೂ ಇವನ ಮೇಲೆ ಬಿತ್ತು. ರೋಡರ್ ಮೇಲೆ ಬಿದ್ದದ್ದು ಕೊಲೆ ಮತ್ತು ಹಲ್ಲೆಯ ಆರೋಪ ಮಾತ್ರ.

ರೋಡರ್ ಬಗ್ಗೆ ಮಾಧ್ಯಮಗಳು ಏನು ಹೇಳಿದವು? ಒಂಟಿ ಮನುಷ್ಯ, ತಲೆ ಸರಿಯಿಲ್ಲದವನು. ಇದೇ ಒಂಟಿ ಮನುಷ್ಯ 1996ರಲ್ಲಿ ಟೊಪೀಕಾದಲ್ಲಿ ಕಾರಿನೊಳಗೆ ಬಾಂಬ್ ಮಾಡುವ ಸಾಮಾನು ಇಟ್ಟುಕೊಂಡು ಸಿಕ್ಕಿಬಿದ್ದಿದ್ದ. ಟಿಲ್ಲರ್ ಕ್ಲಿನಿಕ್‌ಗೆ 1986ರಲ್ಲೇ ಬಾಂಬ್ ಬಿದ್ದಿತ್ತು. 1993ರಲ್ಲಿ ಒಬ್ಬ ಹೆಂಗಸು ಅವರ ಎರಡೂ ತೋಳಿಗೆ ಗುಂಡು ಹೊಡೆದಿದ್ದಳು. ಇಷ್ಟೆಲ್ಲ ಆದ ಮೇಲೂ ಪ್ರತಿ ಸಲ ಹೊಸದಾಗಿ ಒಬ್ಬ ಒಂಟಿ ಹುಚ್ಚನೇ ಹುಟ್ಟುತ್ತಾನಾ?

ಇನ್ನೂ ಹಿಂದಕ್ಕೆ ಹೋಗಿ. 1984ರ ಕ್ರಿಸ್‌ಮಸ್ ದಿನವೇ ಫ್ಲಾರಿಡಾದ ಪೆನ್ಸಕೋಲಾದಲ್ಲಿ ಗರ್ಭಪಾತದ ಕ್ಲಿನಿಕ್ಕುಗಳಲ್ಲಿ ಬಾಂಬ್ ಸಿಡಿದವು. ಆ ಕಾಲಕ್ಕೆ ಎಫ್‌ಬಿಐ ಮುಖ್ಯಸ್ಥರಾಗಿದ್ದ ವಿಲಿಯಂ ವೆಬ್‌ಸ್ಟರ್ ಇಂಥ ದಾಳಿಗಳು ಭಯೋತ್ಪಾದನೆಯ ಲೆಕ್ಕಕ್ಕೆ ಬರುವುದಿಲ್ಲ ಎಂದಿದ್ದರು. ಅದೇ ಊರಿನಲ್ಲಿ 1993ರಲ್ಲಿ ಗರ್ಭಪಾತ ಮಾಡುತ್ತಿದ್ದ ಡಾ. ಡೇವಿಡ್ ಗನ್ ಕೊಲೆಯಾಯಿತು. ಆ ಕೊಲೆ ಸರಿ ಎಂದು ಟಿ.ವಿ.ಯಲ್ಲಿ ಕೂತು ವಾದಿಸಿದವನು ಪಾಲ್ ಹಿಲ್. 1994ರಲ್ಲಿ ಅವನೇ ಬಂದೂಕು ಹಿಡಿದ. ಡಾ. ಗನ್ ಜಾಗಕ್ಕೆ ಬಂದ ಡಾ. ಜಾನ್ ಬ್ರಿಟನ್ ಗುಂಡು ತಡೆಯುವ ಅಂಗಿ ಹಾಕುತ್ತಿದ್ದರು. ಹಿಲ್ ತಲೆಗೆ ಹೊಡೆದ. 1998ರಲ್ಲಿ ನ್ಯೂಯಾರ್ಕ್ ರಾಜ್ಯದ ಡಾ. ಬಾರ್ನೆಟ್ ಸ್ಲೆಪಿಯನ್ ತಮ್ಮ ಮನೆಯ ಅಡುಗೆಮನೆಯಲ್ಲಿ ನಿಂತಿದ್ದಾಗ ಕಿಟಕಿಯಿಂದ ಗುಂಡು ಬಂತು. ಕೊಂದವನು ಫ್ರಾನ್ಸ್‌ನಲ್ಲಿ ಸಿಕ್ಕ, ಅದೂ 2001ರಲ್ಲಿ. ಅವನಿಗೆ ಸಹಾಯ ಮಾಡಿದವರಿದ್ದರು.

2015ರ ನವೆಂಬರ್ 27ರಂದು ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ, ಗರ್ಭಪಾತದ ಸೇವೆಯನ್ನೂ ಕೊಡುವ ಪ್ಲಾನ್ಡ್ ಪೇರೆಂಟ್‌ಹುಡ್ ಸಂಸ್ಥೆಯ ಕ್ಲಿನಿಕ್‌ನಲ್ಲಿ ರಾಬರ್ಟ್ ಡಿಯರ್ ಮೂವರನ್ನು ಕೊಂದ. ಕೋರ್ಟಿನಲ್ಲಿ ತಾನು ಶಿಶುಗಳ ಪರ ಯೋಧ ಎಂದು ಕೂಗಿದ. ನ್ಯೂಯಾರ್ಕ್ ಟೈಮ್ಸ್ ವರದಿಯಲ್ಲಿ ಮೊದಲು ಅವನು ಏನಾಗಿದ್ದ ಗೊತ್ತಾ? ಸೌಮ್ಯ ಸ್ವಭಾವದ ಒಂಟಿಗ! ಓದುಗರು ಬೈದ ಮೇಲೆ ಆ ಸಾಲು ಮಾಯವಾಯಿತು. ಒಂದು ವಾರದೊಳಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಮುಸ್ಲಿಂ ದಂಪತಿ 14 ಜನರನ್ನು ಕೊಂದರು. ಆ ದಂಪತಿಯನ್ನು ಯಾರೂ ಸೌಮ್ಯ ಎನ್ನಲಿಲ್ಲ, ಎನ್ನಬೇಕಾಗಿಯೂ ಇರಲಿಲ್ಲ.

ಜನರನ್ನು ಹೆದರಿಸಿ ಒಂದು ಕೆಲಸವನ್ನೇ ನಿಲ್ಲಿಸುವುದು ಭಯೋತ್ಪಾದನೆ ಅಲ್ವಾ? ಟಿಲ್ಲರ್ ಸತ್ತ ಮೇಲೆ ಅವರ ಕ್ಲಿನಿಕ್‌ಗೆ ಬೀಗ ಬಿತ್ತು. ಆ ಕಟ್ಟಡದಲ್ಲಿ ಮತ್ತೆ ಗರ್ಭಪಾತದ ಸೇವೆ ಶುರುವಾಗಿದ್ದು 2013ರಲ್ಲಿ. ಕೊಂದವನ ಉದ್ದೇಶ ನಾಲ್ಕು ವರ್ಷ ಈಡೇರಿತು.

ನ್ಯಾಯಾಲಯ ಹೇಳುವವರೆಗೆ ಕಾಯಿರಿ ಎನ್ನುವವರಿದ್ದಾರೆ. ಗಡ್ಡ ಬಿಟ್ಟವನು ಸಿಕ್ಕಾಗ ಇವರ ತಾಳ್ಮೆ ಎಲ್ಲಿ ಹೋಗಿರುತ್ತದೋ!

ವಿರೋಧ: ಡೆಸ್ಕ್ ಕೋರ್ಟ್ ಅಲ್ಲ

ಸಂಪಾದಕರು ವಿರೋಧದ ಪಕ್ಕ ಖಾಲಿ ಇದೆ, ನೀವು ಬರೆಯಿರಿ ಎಂದರು. ಟಿಲ್ಲರ್ ವಿಷಯದಲ್ಲಿ ನನಗೂ ಜಾಸ್ತಿ ಭಿನ್ನಮತವಿಲ್ಲ. ಆದರೂ ಒಂದೆರಡು ಮಾತಿದೆ.

ಲಿಟಲ್ ರಾಕ್ ಉದಾಹರಣೆ ಅಷ್ಟು ಗಟ್ಟಿಯಿಲ್ಲ. ಅರ್ಕನ್ಸಾ ಕಾನೂನಿನಲ್ಲಿ ಜನರಿರುವ ಕಟ್ಟಡಕ್ಕೆ ಗುಂಡು ಹೊಡೆದರೂ ಭಯೋತ್ಪಾದಕ ಕೃತ್ಯದ ಆರೋಪ ಬೀಳುತ್ತದೆ. ಹೊಡೆದವನ ಧರ್ಮ ಅಲ್ಲಿ ಬೇಕಿಲ್ಲ. ಮಾಧ್ಯಮಗಳಲ್ಲಿ ಟಿಲ್ಲರ್‌ಗೆ ಸಿಕ್ಕಷ್ಟು ಜಾಗ ಸತ್ತ ಸೈನಿಕನಿಗೆ ಸಿಗಲಿಲ್ಲ ಎಂದು ಬಲಪಂಥೀಯರು ಆಗ ದೂರಿದ್ದರು. ಅದೂ ತಾರತಮ್ಯದ ದೂರೇ. 2001ರಿಂದ ಅಮೆರಿಕದ ಕೇಂದ್ರ ಕಾನೂನಿನಲ್ಲಿ ದೇಶೀಯ ಭಯೋತ್ಪಾದನೆಯ ವ್ಯಾಖ್ಯೆ ಇದೆ, ಆದರೆ ಅದಕ್ಕೆಂದೇ ಪ್ರತ್ಯೇಕ ಅಪರಾಧ ಇಲ್ಲ. ಇನ್ನು ಡಿಯರ್ ವಿಚಾರಣೆ ಎದುರಿಸುವ ಮಾನಸಿಕ ಸ್ಥಿತಿಯಲ್ಲಿಲ್ಲ ಎಂದು 2016ರಲ್ಲಿ ನ್ಯಾಯಾಧೀಶರೇ ಹೇಳಿದರು.

ನನ್ನ ನಿಜವಾದ ಕಾರಣ ಬೇರೆ. ನಾನು ಪತ್ರಿಕೆಯೊಂದರ ರಾತ್ರಿ ಡೆಸ್ಕಿನಲ್ಲಿದ್ದವನು. ಒಂದು ರಾತ್ರಿ ಸಣ್ಣ ಊರಿನ ರಿಪೇರಿ ಅಂಗಡಿಯಲ್ಲಿ ಸ್ಫೋಟ ಆಯಿತೆಂದು ಸುದ್ದಿ ಬಂತು. ಟಿ.ವಿ. ಚಾನೆಲ್ಲೊಂದು ಆಗಲೇ ‘ಉಗ್ರರ ಕೈವಾಡ?’ ಎಂದು ಓಡಿಸುತ್ತಿತ್ತು. ಆ ಪ್ರಶ್ನಾರ್ಥಕ ಚಿಹ್ನೆ ಇದೆಯಲ್ಲ, ಅದು ಹಾಕಿದವನಿಗೆ ಮಾತ್ರ ಕಾಣುತ್ತದೆ. ಅಂಗಡಿ ಹುಡುಗನ ಹೆಸರೂ ಫೋಟೊವೂ ಬಂದವು. ನಮ್ಮ ಮುಖ್ಯ ಉಪಸಂಪಾದಕರು ಪುಟ ತಡೆದು ಕೂತರು. ಕೆಳಗಿನಿಂದ ಪ್ರೆಸ್ಸಿನವರು ಫೋನ್ ಮೇಲೆ ಫೋನ್. ಕೊನೆಗೆ ‘ಅಂಗಡಿಯಲ್ಲಿ ಸ್ಫೋಟ, ಒಬ್ಬನಿಗೆ ಗಾಯ’ ಅಂತ ಸಪ್ಪೆ ಶೀರ್ಷಿಕೆ ಹೋಯಿತು. ಎಲ್ಲರೂ ಗೊಣಗಿದೆವು. ಬೆಳಗ್ಗೆ ಗೊತ್ತಾಯಿತು, ಸಿಡಿದದ್ದು ಗ್ಯಾಸ್ ಸಿಲಿಂಡರ್. ಕೆಲವು ತಿಂಗಳ ನಂತರ ಆ ಹುಡುಗನ ಅಣ್ಣ ಕಚೇರಿಗೆ ಬಂದ. ಅವತ್ತಿನ ಪತ್ರಿಕೆಯ ಪ್ರತಿ ಬೇಕಿತ್ತಂತೆ, ಬಾಡಿಗೆ ಮನೆಯ ಮಾಲೀಕರಿಗೆ ತೋರಿಸಲು.

ರೋಡರ್‌ಗೂ ಆ ಹುಡುಗನಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿಲ್ಲ. ಆದರೆ ಡೆಸ್ಕಿನಲ್ಲಿ ಕೂತವನಿಗೆ ಮೊದಲ ರಾತ್ರಿ ಇಬ್ಬರೂ ಒಂದೇ ಥರ ಕಾಣುತ್ತಾರೆ. ಯಾರು, ಎಲ್ಲಿ, ಎಷ್ಟು ಜನ ಎಂದು ಬರೆದರೆ ಸಾಕು.

ಇನ್ನೊಂದು. 2022ರ ಮೇ ತಿಂಗಳಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಗರ್ಭಪಾತ ವಿರೋಧಿ ಸಂಘಟನೆಯ ಕಚೇರಿಗೆ ಬೆಂಕಿ ಬಾಂಬ್ ಬಿತ್ತು. ಅದೃಷ್ಟಕ್ಕೆ ಒಳಗೆ ಯಾರೂ ಇರಲಿಲ್ಲ. ಅದನ್ನೂ ಭಯೋತ್ಪಾದನೆ ಎನ್ನುತ್ತೀರಾ? ಪರ ಬರೆದವರ ಉದ್ದನೆಯ ಪಟ್ಟಿಯಲ್ಲಿ ಮ್ಯಾಡಿಸನ್ ಹೆಸರು ನನಗೆ ಸಿಗಲಿಲ್ಲ.