ಐದು ಸೈಟ್ ಹಿಡಿದ ವರ್ಷ

‘ಹೆಚ್ಚು ಕೆಲಸ ಹಿಡಿದರೆ ಹೆಚ್ಚು ಲಾಭ’ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಮನೆ ಕಟ್ಟುವ ಗುತ್ತಿಗೆದಾರನಾಗಿ ನಾನು ಇದನ್ನು ಒಪ್ಪುವುದಿಲ್ಲ. ಒಟ್ಟಿಗೆ ಐದು ಸೈಟ್ ಹಿಡಿದ ವರ್ಷವೇ ಶನಿವಾರದ ಕೂಲಿ ಬಟವಾಡೆಗೆ ಹೆಂಡತಿಯ ಬಳೆ ಅಡವಿಟ್ಟೆ. ಒಬ್ಬ ಮಾಲೀಕರ ಮುಂಗಡ ಇನ್ನೊಬ್ಬರ ಮನೆಯ ಕಬ್ಬಿಣಕ್ಕೆ ಹೋಗುತ್ತಿತ್ತು. ಮೂರನೆಯವರು ತಾರಸಿ ಹಾಕಿದ ಮೇಲೆ ಕಂತು ತಡಮಾಡಿದರು, ಎಲ್ಲವೂ ನಿಂತಿತು. ಈಗ ಎರಡೇ ಕೆಲಸ. ಪಾಯ, ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ತೊಲೆ), ತಾರಸಿ ಯಾವುದೇ ಇರಲಿ, ಕಂತು ಬಂದ ಮೇಲಷ್ಟೇ ಸಾಮಾನು ತರಿಸುತ್ತೇನೆ. ಚದರಡಿ ದರದಲ್ಲಿ ಸಂಪು, ಕಾಂಪೌಂಡ್ ಸೇರಿಲ್ಲವೆಂದು ಕರಾರಿನಲ್ಲೇ ಬರೆಯುತ್ತೇನೆ (ಇದನ್ನು ಬಾಯಿಮಾತಿಗೆ ಬಿಟ್ಟು ಕೈ ಸುಟ್ಟುಕೊಂಡಿದ್ದೇನೆ). 2025ರ ಸೆಪ್ಟೆಂಬರ್‌ನಲ್ಲಿ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಾಗ ಮಾಲೀಕರೆಲ್ಲ ದರ ಇಳಿಸಿ ಎಂದು ಫೋನ್ ಮಾಡಿದರು. ಕಬ್ಬಿಣ ಏರಿದಾಗ ಒಬ್ಬರೂ ಮಾಡಿರಲಿಲ್ಲ!